ಹಂಗೇರಿ 1956: ಕೊನೆಯವರೆಗೆ ನಿಂತವರು ಯಾರು?

ಹೋದ ಸಂಚಿಕೆಯಲ್ಲಿ ನಾವು ಸೋವಿಯತ್ ಹಿಡಿತದ ವಿರುದ್ಧ ಹಂಗೇರಿಯಲ್ಲಿ 1956ರಲ್ಲಿ ಎದ್ದ ದಂಗೆಯ ಬಗ್ಗೆ ಲೇಖನ ಹಾಕಿದ್ದೆವು. ಅದನ್ನು ಓದಿ ಭದ್ರಾವತಿಯ ಹಿರಿಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಕಾರ್ಮಿಕ ಸಂಘದ ಕೆಲಸದಲ್ಲೇ ಆಯುಷ್ಯ ಕಳೆದವರು. ಅವರ ಪತ್ರದ ಸಾರ ಇಷ್ಟು: "ಅದು ಜನರ ದಂಗೆ ಅಲ್ಲ. ಅಮೆರಿಕದ ರೇಡಿಯೊ ಕೇಳಿ ಬೀದಿಗಿಳಿದವರು, ಹಿಟ್ಲರ್ ಕಾಲದ ಹಳೇ ಜಮೀನ್ದಾರರು, ಫ್ಯಾಸಿಸ್ಟರು ಸೇರಿ ಮಾಡಿದ ಗಲಭೆ. ಕಾರ್ಮಿಕರ ರಾಜ್ಯವನ್ನು ಉಳಿಸಿಕೊಳ್ಳಲು ಸೋವಿಯತ್ ಸೇನೆ ಬರಲೇಬೇಕಾಯಿತು. ನೆಹರೂ ಅವರೂ ಅದನ್ನು ಅರ್ಥ ಮಾಡಿಕೊಂಡಿದ್ದರು. ಎಂದೋ ಮುಗಿದ ಕಥೆಯನ್ನು ಈಗ ಕೆದಕುವುದರಿಂದ ಯಾರಿಗೆ ಲಾಭ?"

ಮಾನ್ಯರೇ, ನಿಮ್ಮ ಪತ್ರಕ್ಕೆ ಎರಡು ಸಾಲಿನ ಉತ್ತರ ಸಾಲದು ಅನ್ನಿಸಿತು. ನೀವು ಎತ್ತಿದ ಮಾತುಗಳನ್ನು ಆ ಕಾಲದಲ್ಲಿ ನಮ್ಮ ದೇಶದಲ್ಲೂ ಎಷ್ಟೋ ಜನ ಪ್ರಾಮಾಣಿಕವಾಗಿ ನಂಬಿದ್ದರು. ಅದಕ್ಕೇ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಡಿಸೆಂಬರ್ 11ರಿಂದ ಶುರು ಮಾಡುತ್ತೇನೆ. ನವೆಂಬರ್ 4ರ ನಸುಕಿನಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ಎರಡನೇ ಸಲ ನುಗ್ಗಿದವು. ಒಂದು ವಾರದಲ್ಲಿ ಬಂದೂಕಿನ ಹೋರಾಟ ಮುಗಿಯಿತು. ಸಾವಿರಾರು ಜನ ಗಡಿ ದಾಟಿ ಆಸ್ಟ್ರಿಯಾಕ್ಕೆ ಓಡುತ್ತಿದ್ದರು. ಸೋವಿಯತ್ ಬೆಂಬಲದ ಯಾನೋಶ್ ಕಾದಾರ್ ಸರ್ಕಾರ ಕುರ್ಚಿ ಹಿಡಿದಿತ್ತು. ಅಷ್ಟೆಲ್ಲ ಆಗಿ ತಿಂಗಳ ಮೇಲಾದ ಮೇಲೆ, ಡಿಸೆಂಬರ್ 11 ಮತ್ತು 12ರಂದು, ಹಂಗೇರಿಯ ಕಾರ್ಖಾನೆಗಳು ನಲವತ್ತೆಂಟು ಗಂಟೆ ನಿಂತುಹೋದವು. ಕರೆ ಕೊಟ್ಟಿದ್ದು ಬೃಹತ್ ಬುಡಾಪೆಸ್ಟಿನ ಕೇಂದ್ರ ಕಾರ್ಮಿಕ ಸಮಿತಿ. ಅದರ ಅಧ್ಯಕ್ಷ ಶಾಂಡೋರ್ ರಾಟ್ಸ್. ವಯಸ್ಸು 23. ದೂರವಾಣಿ ಉಪಕರಣ ಮಾಡುವ ಬೆಲೊಯಾನಿಸ್ ಕಾರ್ಖಾನೆಯ ಟೂಲ್ ಮೇಕರ್. ಮುಷ್ಕರದ ಮೊದಲ ದಿನವೇ ಅವರನ್ನೂ ಜೊತೆಗಾರ ಶಾಂಡೋರ್ ಬಾಲಿಯನ್ನೂ ಮಾತುಕತೆಗೆ ಬನ್ನಿ ಎಂದು ಸಂಸತ್ ಭವನಕ್ಕೆ ಕರೆದರು. ಹೋದವರನ್ನು ಅಲ್ಲೇ ಬಂಧಿಸಿದರು. ಮುಂದೆ ರಾಟ್ಸ್‌ಗೆ ಜೀವಾವಧಿ, ಬಾಲಿಗೆ 12 ವರ್ಷ ಶಿಕ್ಷೆ ಆಯಿತು.

ಕಾರ್ಮಿಕರ ರಾಜ್ಯವೆಂದು ಹೇಳಿಕೊಂಡ ಸರ್ಕಾರ ಮಾತುಕತೆಗೆ ಕರೆದು ಕಾರ್ಮಿಕರ ನಾಯಕರನ್ನು ಹಿಡಿದುಹಾಕಿತು. ಈ ಪತ್ರದಲ್ಲಿ ನಾನು ನಿಮಗೆ ಹೇಳಬೇಕಾಗಿರುವುದು ಬಹುಪಾಲು ಇದೊಂದೇ. ಹಂಗೇರಿಯಲ್ಲಿ ಎಲ್ಲರಿಗಿಂತ ಜಾಸ್ತಿ ದಿನ ಗಟ್ಟಿಯಾಗಿ ನಿಂತವರು ಕಾರ್ಖಾನೆಯವರು. ಅವರು ಯಾಕೆ ನಿಂತರು ಅನ್ನುವುದನ್ನು ಬಿಟ್ಟು ಈ ದಂಗೆಯನ್ನು ಅರ್ಥ ಮಾಡಿಕೊಳ್ಳಲು ಆಗುವುದೇ ಇಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧದಲ್ಲಿ ಹಂಗೇರಿ ಹಿಟ್ಲರನ ಕಡೆ ಇತ್ತು. 1944ರಲ್ಲಿ ಅಲ್ಲಿನ ಲಕ್ಷಾಂತರ ಯೆಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾವಿನ ಶಿಬಿರಗಳಿಗೆ ಕಳಿಸಿದರು. ಅದರಲ್ಲಿ ಹಂಗೇರಿಯ ಅಧಿಕಾರಿಗಳ ಕೈಯೂ ಇತ್ತು. ಹಾಗಾಗಿ ಫ್ಯಾಸಿಸಂ ಬಗ್ಗೆ ನಿಮಗಿರುವ ಭಯಕ್ಕೆ ಆಧಾರ ಇದೆ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ 1945ರ ನವೆಂಬರಿನಲ್ಲಿ, ಸೋವಿಯತ್ ಸೇನೆ ದೇಶದಲ್ಲಿ ಇರುವಾಗಲೇ, ಒಂದು ಮುಕ್ತ ಚುನಾವಣೆ ನಡೆಯಿತು. ಸಣ್ಣ ರೈತರ ಪಕ್ಷಕ್ಕೆ ಶೇಕಡಾ 57 ಮತ ಬಂತು. ಕಮ್ಯುನಿಸ್ಟರಿಗೆ ಬಂದಿದ್ದು ಶೇಕಡಾ 17. ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ ಕಮ್ಯುನಿಸ್ಟ್ ಪಕ್ಷದ ನಾಯಕ ಮಾತ್ಯಾಶ್ ರಾಕೋಶಿ ಉಳಿದ ಪಕ್ಷಗಳನ್ನು ಒಂದೊಂದಾಗಿ ಒಡೆದು, ಹೆದರಿಸಿ, ನುಂಗಿಹಾಕಿದರು. ಬೆನ್ನಿಗೆ ಸೋವಿಯತ್ ಸೇನೆ, ಕೈಯಲ್ಲಿ ಗುಪ್ತ ಪೊಲೀಸ್ ಪಡೆ. ಆ ಪಡೆ ಸ್ವಂತ ಪಕ್ಷದವರನ್ನೂ ಬಿಡಲಿಲ್ಲ. ವಿದೇಶಾಂಗ ಸಚಿವರಾಗಿದ್ದ ಲಾಸ್ಲೋ ರಾಯ್ಕ್ ಕಟ್ಟಾ ಕಮ್ಯುನಿಸ್ಟ್. ಸ್ಪೇನಿನಲ್ಲಿ ಫ್ರಾಂಕೋ ವಿರುದ್ಧ ಹೋರಾಡಿದವರು. ಅವರ ಮೇಲೆ ಸುಳ್ಳು ಆರೋಪ ಹೊರಿಸಿ 1949ರಲ್ಲಿ ಗಲ್ಲಿಗೇರಿಸಿದರು.

ಕಾರ್ಖಾನೆಯಲ್ಲಿ ಏನು ನಡೆಯುತ್ತಿತ್ತು? ಇದನ್ನು ನೀವು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲಿರಿ. ಕೂಲಿಯನ್ನು ಉತ್ಪಾದನೆಯ ಗುರಿಗೆ ಕಟ್ಟಿದ್ದರು. ಗುರಿ ಮುಟ್ಟಿದ ಕೂಡಲೇ ಗುರಿಯನ್ನೇ ಏರಿಸುತ್ತಿದ್ದರು. ಅಷ್ಟೇ ಕೂಲಿಗೆ ಜಾಸ್ತಿ ಕೆಲಸ. ‘ಶಾಂತಿ ಸಾಲ’ ಅಂತ ಹೆಸರಿಟ್ಟು ಸಂಬಳದಲ್ಲಿ ಹಣ ಹಿಡಿಯುತ್ತಿದ್ದರು. ಹೆಸರಿಗೆ ಅದು ಸ್ವಂತ ಇಷ್ಟದಿಂದ ಕೊಡುವ ಸಾಲ. ಕೊಡಲ್ಲ ಅನ್ನುವ ಧೈರ್ಯ ಯಾರಿಗಿತ್ತು? ಸಂಘ ಇತ್ತು, ಆದರೆ ಅದು ಸರ್ಕಾರದ ಸಂಘ. ಗುರಿ ಮುಟ್ಟಿಸುವುದೇ ಅದರ ಕೆಲಸ. ಮುಷ್ಕರದ ಮಾತೆತ್ತಿದವನು ವರ್ಗಶತ್ರು. ಹಳ್ಳಿಗಳಲ್ಲಿ ರೈತರು ಕಡ್ಡಾಯವಾಗಿ ದವಸ ಒಪ್ಪಿಸಬೇಕಿತ್ತು. ಸಾಲದೆ ಬಂದರೆ ಅಟ್ಟದ ಮೇಲಿನ ಕಾಳನ್ನೂ ಗುಡಿಸಿಕೊಂಡು ಹೋಗುತ್ತಿದ್ದರು. ಇದರ ಮೇಲೆ ಯುದ್ಧದ ಪರಿಹಾರ ಬೇರೆ: 30 ಕೋಟಿ ಡಾಲರ್, ಅದರಲ್ಲಿ 20 ಕೋಟಿ ಸೋವಿಯತ್ ಒಕ್ಕೂಟಕ್ಕೆ.

ಹಂಗೇರಿ ಒಂದೇ ಅಲ್ಲ. 1953ರ ಜೂನಿನಲ್ಲಿ ಪೂರ್ವ ಬರ್ಲಿನ್ನಿನಲ್ಲಿ ಕೆಲಸ ನಿಲ್ಲಿಸಿ ಬೀದಿಗೆ ಬಂದವರು ಕಟ್ಟಡ ಕೆಲಸಗಾರರು. ಕಾರಣ ಇದೇ, ಏರಿಸಿದ ಗುರಿ. 1956ರ ಜೂನಿನಲ್ಲಿ ಪೋಲೆಂಡಿನ ಪೊಜ್ನಾನ್ ಪಟ್ಟಣದಲ್ಲಿ ಎದ್ದವರು ಆಗ ಸ್ಟಾಲಿನ್ ಹೆಸರು ಹೊತ್ತಿದ್ದ ಎಂಜಿನ್ ಕಾರ್ಖಾನೆಯವರು. ಎರಡೂ ಕಡೆ ಟ್ಯಾಂಕುಗಳು ಬಂದವು.

ಬುಡಾಪೆಸ್ಟಿನಲ್ಲಿ ಕಿಡಿ ಹಚ್ಚಿದವರು ವಿದ್ಯಾರ್ಥಿಗಳು ಅನ್ನುವುದು ನಿಜ. ಸ್ಟಾಲಿನ್ ಮಾಡಿದ ಅಪರಾಧಗಳನ್ನು ಸೋವಿಯತ್ ನಾಯಕ ಕ್ರುಶ್ಚೇವ್ ಅವರೇ 1956ರ ಫೆಬ್ರವರಿಯಲ್ಲಿ ಪಕ್ಷದ ಒಳಗೆ ಒಪ್ಪಿಕೊಂಡಿದ್ದರು. ಅದಾದ ಮೇಲೆ ಬಾಯಿ ಮುಚ್ಚಿಸುವುದು ಕಷ್ಟವಾಯಿತು. ಜುಲೈಯಲ್ಲಿ ರಾಕೋಶಿಯನ್ನು ಇಳಿಸಿದರು. ಆದರೆ ಆ ಜಾಗಕ್ಕೆ ತಂದದ್ದು ಅದೇ ಬಳಗದ ಎರ್ನೋ ಗೆರೋ ಅವರನ್ನು. ಅಕ್ಟೋಬರ್ 6ರಂದು ರಾಯ್ಕ್ ಅವರ ಶವವನ್ನು ಗೌರವದಿಂದ ಮತ್ತೆ ಮಣ್ಣು ಮಾಡಿದರು. ಕೊಂದವರೇ ಮಾಡಿಸಿದ ಆ ಸಂಸ್ಕಾರಕ್ಕೆ ಲಕ್ಷ ಜನ ಮೌನವಾಗಿ ಸಾಲುಗಟ್ಟಿದರು. ಅಕ್ಟೋಬರ್ 22ರ ರಾತ್ರಿ ತಾಂತ್ರಿಕ ವಿಶ್ವವಿದ್ಯಾಲಯದ ಹುಡುಗರು 16 ಬೇಡಿಕೆ ಬರೆದರು. ಸೋವಿಯತ್ ಸೇನೆ ಹೊರಹೋಗಲಿ, ಸುಧಾರಣೆಯ ಪರವಾಗಿದ್ದ ಕಮ್ಯುನಿಸ್ಟ್ ನಾಯಕ ಇಮ್ರೆ ನಾಜ್ ಪ್ರಧಾನಿಯಾಗಲಿ, ಹಲವು ಪಕ್ಷಗಳ ಚುನಾವಣೆ ಆಗಲಿ. ಜೊತೆಗೆ ಕೂಲಿಯ ಗುರಿಗಳನ್ನು ಮತ್ತೆ ನಿಗದಿ ಮಾಡಲಿ, ಮುಷ್ಕರದ ಹಕ್ಕು ಸಿಗಲಿ. ಈ ಕೊನೆಯವನ್ನು ಗಮನಿಸಿ. ಹಳೇ ಜಮೀನ್ದಾರರು ಮುಷ್ಕರದ ಹಕ್ಕು ಕೇಳುತ್ತಾರಾ?

ಮರುದಿನ, 23ರಂದು, ಮೆರವಣಿಗೆ ಹೊರಟಿತು. ಹೊತ್ತು ಇಳಿಯುತ್ತಾ ಪಾಳಿ ಮುಗಿಸಿದ ಕಾರ್ಮಿಕರು ಬಂದು ಸೇರಿಕೊಂಡರು. ಬಾವುಟದ ನಡುವೆ ಇದ್ದ ರಾಕೋಶಿ ಕಾಲದ ಲಾಂಛನವನ್ನು ಯಾರೋ ಕತ್ತರಿಸಿ ತೆಗೆದರು. ನಡುವೆ ತೂತಿದ್ದ ಆ ಮೂರು ಬಣ್ಣದ ಬಾವುಟವೇ ಮುಂದೆ ದಂಗೆಯ ಬಾವುಟವಾಯಿತು. ಸಂಸತ್ತಿನ ಮುಂದೆ ಎರಡು ಲಕ್ಷದಷ್ಟು ಜನ ಸೇರಿದರು. ಸಂಜೆ ರೇಡಿಯೊದಲ್ಲಿ ಗೆರೋ ಮಾತಾಡಿ ಜನರನ್ನೇ ಬೈದರು. ಸ್ಟಾಲಿನ್ನನ ಎಂಟು ಮೀಟರ್ ಎತ್ತರದ ಕಂಚಿನ ಪ್ರತಿಮೆಯನ್ನು ಜನ ಕೆಡವಿದರು. ಪೀಠದ ಮೇಲೆ ಬೂಟುಗಳಷ್ಟೇ ಉಳಿದವು. ತಮ್ಮ 16 ಬೇಡಿಕೆ ಓದಿಸಬೇಕು ಅಂತ ರೇಡಿಯೊ ಕಟ್ಟಡದ ಮುಂದೆ ನಿಂತಿದ್ದವರ ಮೇಲೆ ಗುಪ್ತ ಪೊಲೀಸರು ಗುಂಡು ಹಾರಿಸಿದರು. ಅಲ್ಲಿಯವರೆಗೆ ಅದು ಮೆರವಣಿಗೆ. ಆಮೇಲೆ ದಂಗೆ. ಬಂದೂಕು ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಮದ್ದುಗುಂಡು ಕಾರ್ಖಾನೆಗಳ ಕಾರ್ಮಿಕರು ತಂದರು, ಜನರ ಕಡೆ ತಿರುಗಿದ ಸೈನಿಕರು ಕೊಟ್ಟರು. ಅಂದು ರಾತ್ರಿಯೇ ಸೋವಿಯತ್ ಟ್ಯಾಂಕುಗಳು ಮೊದಲ ಸಲ ನಗರಕ್ಕೆ ಹೊರಟವು.

ಇನ್ನು ಅಮೆರಿಕದ ವಿಷಯ. ಮ್ಯೂನಿಕ್‌ನಿಂದ ಅಮೆರಿಕದ ಹಣದಲ್ಲಿ ನಡೆಯುತ್ತಿದ್ದ ರೇಡಿಯೊ ಫ್ರೀ ಯೂರೋಪ್ ಆ ದಿನಗಳಲ್ಲಿ ಹಂಗೇರಿಯವರಲ್ಲಿ ಸಹಾಯದ ಆಸೆ ಹುಟ್ಟಿಸಿದ್ದು ಹೌದು. ಹೋರಾಡಿ ಅಂತ ಹುರಿದುಂಬಿಸಿದ್ದೂ ಹೌದು. ದೂರದ ಸ್ಟುಡಿಯೊದಲ್ಲಿ ಕೂತು ಬೇರೆಯವರ ಮಕ್ಕಳನ್ನು ಟ್ಯಾಂಕಿನ ಎದುರು ನಿಲ್ಲಲು ಹೇಳುವುದು ದೊಡ್ಡ ತಪ್ಪು. ಅದರಲ್ಲಿ ನಾನು ನಿಮ್ಮ ಜೊತೆ. ಆದರೆ ಅಮೆರಿಕ ಸರ್ಕಾರ ಮಾಡಿದ್ದೇನು? ಅಕ್ಟೋಬರ್ 27ರಂದೇ ಅದರ ವಿದೇಶಾಂಗ ಮಂತ್ರಿ ಡಲೆಸ್, ಈ ದೇಶಗಳನ್ನು ನಾವು ಮುಂದಿನ ಮಿಲಿಟರಿ ಮಿತ್ರರೆಂದು ನೋಡುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಸಹಾಯಕ್ಕೆ ಒಬ್ಬ ಸೈನಿಕನೂ ಬರಲಿಲ್ಲ. ಅದೇ ವಾರ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ಈಜಿಪ್ಟಿನ ಮೇಲೆ ದಾಳಿ ಮಾಡಿ, ಜಗತ್ತಿನ ಕಣ್ಣು ಅಲ್ಲಿನ ಸುಯೆಜ್ ಕಾಲುವೆ ಕಡೆ ತಿರುಗುವಂತೆ ಮಾಡಿದವು. ಪಶ್ಚಿಮದ ದೇಶಗಳಿಂದ ಹಂಗೇರಿಗೆ ಆಗಿದ್ದು ಇಷ್ಟೇ.

ಫ್ಯಾಸಿಸ್ಟರು? ಅಕ್ಟೋಬರ್ 30ರಂದು ಗಣರಾಜ್ಯ ಚೌಕದಲ್ಲಿದ್ದ ಪಕ್ಷದ ಕಚೇರಿಯ ಎದುರು ನಡೆದದ್ದು ಭೀಕರ. ಶರಣಾದ ಯುವಕ ಕಾವಲುಗಾರರನ್ನು ಗುಂಪು ಕೊಂದುಹಾಕಿತು. ಬಿಳಿ ಬಾವುಟ ಹಿಡಿದು ಹೊರಬಂದ ಪಕ್ಷದ ಕಾರ್ಯದರ್ಶಿ ಇಮ್ರೆ ಮೆಜೋ ಗುಂಡೇಟು ತಿಂದು ಸತ್ತರು. ಅವರು ನಾಜ್ ಅವರ ಸುಧಾರಣೆಗೆ ಒಲವಿದ್ದ ಮನುಷ್ಯ. ಇದನ್ನು ಮುಚ್ಚಿಟ್ಟು ದಂಗೆಯನ್ನು ಹೊಗಳುವುದು ತಪ್ಪು. ನಮ್ಮ ಲೇಖನದಲ್ಲಿ ಈ ಘಟನೆಗೆ ಒಂದು ಪ್ಯಾರಾ ಇತ್ತು, ನೀವೂ ನೋಡಿರುತ್ತೀರಿ. ಆದರೆ ಈ ಒಂದು ಚೌಕವನ್ನು ತೋರಿಸಿ ಇಡೀ ದೇಶಕ್ಕೆ ಆ ಹೆಸರು ಅಂಟಿಸಲು ಬರುವುದಿಲ್ಲ. ದಂಗೆಯ ಮುಂಚೂಣಿಯಲ್ಲಿ ಇದ್ದವರನ್ನು ನೋಡಿ. ಇಮ್ರೆ ನಾಜ್ ಮೊದಲನೇ ಮಹಾಯುದ್ಧದಲ್ಲಿ ರಷ್ಯದಲ್ಲಿ ಸೆರೆಯಾಗಿ ಅಲ್ಲೇ ಕಮ್ಯುನಿಸ್ಟರಾದವರು. ಕಿಲಿಯಾನ್ ಬ್ಯಾರಕ್ಸಿನ ಕರ್ನಲ್ ಪಾಲ್ ಮಲೇಟರ್, ದಂಗೆ ಅಡಗಿಸಲು ಹೋಗಿ ದಂಗೆಯ ಕಡೆ ಸೇರಿದವರು, ಪಕ್ಷದ ಸದಸ್ಯ. ಚರ್ಚೆಗಳಿಂದ ಎಲ್ಲಕ್ಕೂ ನೆಲ ಹಸನು ಮಾಡಿದ ಪೆಟೋಫಿ ಬಳಗ ಪಕ್ಷದ ಯುವ ಸಂಘಟನೆಯ ಒಳಗೇ ಹುಟ್ಟಿದ್ದು. ಕಾದಾರ್ ಕೂಡ ನವೆಂಬರ್ 1ರಂದು ರೇಡಿಯೊದಲ್ಲಿ ಇದನ್ನು ಜನರ ವೈಭವದ ದಂಗೆ ಎಂದು ಹೊಗಳಿದರು. ಅಂದೇ ರಾತ್ರಿ ನಗರದಿಂದ ಮಾಯವಾದರು. ಮತ್ತೆ ಬಂದದ್ದು ಸೋವಿಯತ್ ಟ್ಯಾಂಕುಗಳ ಹಿಂದೆ.

ಇನ್ನೊಬ್ಬರನ್ನು ಹೆಸರಿಸಬೇಕು. ಪೀಟರ್ ಫ್ರೈಯರ್, ಬ್ರಿಟನ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಡೈಲಿ ವರ್ಕರ್‌ನ ವರದಿಗಾರ. ಪಕ್ಷ ನಂಬಿದ್ದ ಮನುಷ್ಯ. ಪತ್ರಿಕೆಯೇ ಅವರನ್ನು ಹಂಗೇರಿಗೆ ಕಳಿಸಿತು. ಗಡಿ ಹತ್ತಿರದ ಮೊಶೊನ್‌ಮಾಗ್ಯರೋವಾರ್ ಪಟ್ಟಣದಲ್ಲಿ ಬರಿಗೈ ಜನರ ಮೇಲೆ ಗುಂಡು ಹಾರಿಸಿದ್ದರು. ಅಲ್ಲಿ ಸಾಲಾಗಿ ಮಲಗಿಸಿದ್ದ ಹೆಣಗಳನ್ನು ಅವರು ಕಣ್ಣಾರೆ ನೋಡಿದರು. ನೋಡಿದ್ದನ್ನು ಬರೆದು ಕಳಿಸಿದರು. ಪತ್ರಿಕೆ ಅದನ್ನು ಕತ್ತರಿಸಿತು, ಆಮೇಲಿನದನ್ನು ಅಚ್ಚು ಹಾಕಲೇ ಇಲ್ಲ. ಅವರು ಕೆಲಸ ಬಿಟ್ಟರು, ನಡೆದದ್ದನ್ನು ಬೇರೆ ಕಡೆ ಬರೆದರು, ಪಕ್ಷ ಅವರನ್ನು ಹೊರಹಾಕಿತು. ಆ ವರ್ಷ ಬ್ರಿಟನ್ನಿನ ಪಕ್ಷವನ್ನು ಸಾವಿರಾರು ಜನ ಬಿಟ್ಟರು. ಅವರಲ್ಲಿ ಬಹಳ ಜನ ಸಮಾಜವಾದ ಬಿಡಲಿಲ್ಲ. ಪತ್ರಿಕೆ ನಡೆಸುವ ನನಗೆ ಈ ಕಥೆ ತುಂಬಾ ಹತ್ತಿರದ್ದು.

ನವೆಂಬರ್ 1 ಅಂದರೆ ನಮಗೆ ಬೇರೆ ನೆನಪು ಬರುತ್ತದೆ. 1956ರ ಆ ದಿನವೇ ಕನ್ನಡ ನಾಡು ಒಂದಾಯಿತು, ವಿಶಾಲ ಮೈಸೂರು ರಾಜ್ಯ ಹುಟ್ಟಿತು. ಅದೇ ದಿನ ಸಂಜೆ ಬುಡಾಪೆಸ್ಟಿನಲ್ಲಿ, ದಂಗೆಯ ದಿನಗಳಲ್ಲಿ ಪ್ರಧಾನಿಯಾಗಿದ್ದ ಇಮ್ರೆ ನಾಜ್ ರೇಡಿಯೊ ಮುಂದೆ ಕೂತು, ಹಂಗೇರಿ ಸೋವಿಯತ್ ಬಣದ ಮಿಲಿಟರಿ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬರುತ್ತದೆ, ಯಾವ ಬಣಕ್ಕೂ ಸೇರದ ತಟಸ್ಥ ದೇಶವಾಗುತ್ತದೆ ಎಂದು ಹೇಳಿದರು. ಯಾವ ಬಣಕ್ಕೂ ಸೇರದೆ ಇರುವುದು ನಮ್ಮದೇ ದೇಶದ ನೀತಿಯಾಗಿತ್ತು, ಅಲ್ವಾ? ಮೂರು ದಿನ ಕಳೆಯುವುದರೊಳಗೆ ಎಲ್ಲ ಮುಗಿಯಿತು. ಸೇನೆ ವಾಪಸಾಗುವ ಬಗ್ಗೆ ಮಾತಾಡಲು ಸೋವಿಯತ್ ಶಿಬಿರಕ್ಕೆ ಹೋದ ಮಲೇಟರ್ ಅವರನ್ನು 3ರ ರಾತ್ರಿ ಅಲ್ಲೇ ಹಿಡಿದರು. ಬೆಳಗಾಗುವ ಮೊದಲೇ ಫಿರಂಗಿ ಸದ್ದು ಶುರುವಾಯಿತು.

ಈಗ ನೋಡಿ, ಹೋರಾಟ ಎಲ್ಲಿ ಹೆಚ್ಚು ದಿನ ನಡೆಯಿತು ಅಂತ. ಕೋರ್ವಿನ್ ಓಣಿ, ಫೆರೆಂಟ್ಸ್‌ವಾರೋಶ್‌ನಂಥ ಬಡ ಬಡಾವಣೆಗಳಲ್ಲಿ. ಸ್ಟಾಲಿನ್ನನ ಹೆಸರಿನಲ್ಲಿ ಹೊಸದಾಗಿ ಕಟ್ಟಿದ್ದ ಉಕ್ಕಿನ ಪಟ್ಟಣ ಸ್ತಾಲಿನ್‌ವಾರೋಶ್‌ನಲ್ಲಿ. ಸಮಾಜವಾದಿ ನಗರ ಹೇಗಿರಬೇಕು ಅಂತ ತೋರಿಸಲು ಕಟ್ಟಿದ ಪಟ್ಟಣ ಅದು. ಅಲ್ಲಿನ ಕಾರ್ಮಿಕರು ದಂಗೆಯ ದಿನಗಳಲ್ಲೇ ಸ್ಟಾಲಿನ್ ಹೆಸರು ತೆಗೆದು ಊರಿನ ಹಳೇ ಹೆಸರು ದುನಾಪೆಂಟೆಲೆ ಅಂತ ಮತ್ತೆ ಇಟ್ಟರು. ಟ್ಯಾಂಕುಗಳಿಗೆ ನವೆಂಬರ್ 7ರಂದು ಎದುರು ನಿಂತರು. ಆ ದಿನ ರಷ್ಯದ ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ. ಎಲ್ಲಕ್ಕಿಂತ ಕೊನೆಗೆ ಬಿದ್ದದ್ದು ಚೆಪೆಲ್ ದ್ವೀಪ, ನವೆಂಬರ್ 11ಕ್ಕೆ. ದೇಶದ ಅತಿ ದೊಡ್ಡ ಕಬ್ಬಿಣ ಉಕ್ಕಿನ ಕಾರ್ಖಾನೆ ಇದ್ದ ಜಾಗ, ‘ಕೆಂಪು ಚೆಪೆಲ್’ ಎಂದೇ ಹೆಸರು. ಒಟ್ಟು ಸುಮಾರು 2,500 ಹಂಗೇರಿಯನ್ನರು, ಸುಮಾರು 700 ಸೋವಿಯತ್ ಸೈನಿಕರು ಸತ್ತರು. ಸತ್ತ ಹಂಗೇರಿಯನ್ನರಲ್ಲಿ ಸುಮಾರು ಅರ್ಧ ಜನಕ್ಕೆ ಮೂವತ್ತು ತುಂಬಿರಲಿಲ್ಲ.

ಬಂದೂಕು ಕೆಳಗಿಟ್ಟ ಮೇಲೆ ಕಾರ್ಮಿಕರು ತಮ್ಮದೇ ಆಯುಧ ಹಿಡಿದರು. ಅಕ್ಟೋಬರ್ ಕೊನೆಯಿಂದಲೇ ಕಾರ್ಖಾನೆ ಕಾರ್ಖಾನೆಯಲ್ಲೂ ಕಾರ್ಮಿಕ ಸಮಿತಿಗಳು ಚುನಾಯಿತವಾಗಿದ್ದವು. ನವೆಂಬರ್ 14ರಂದು ಊಯ್‌ಪೆಶ್ಟ್‌ನ ಬಲ್ಬ್ ಕಾರ್ಖಾನೆಯಲ್ಲಿ ಪ್ರತಿನಿಧಿಗಳು ಸೇರಿ ಕೇಂದ್ರ ಸಮಿತಿ ಕಟ್ಟಿದರು. ಅವರು ಕೇಳಿದ್ದು ನಾಜ್ ವಾಪಸ್ ಬರಲಿ, ಸೋವಿಯತ್ ಸೇನೆ ಹೋಗಲಿ, ಬಂಧಿಸಿದವರನ್ನು ಬಿಡಲಿ, ಮುಕ್ತ ಚುನಾವಣೆ ಆಗಲಿ, ಮುಷ್ಕರದ ಹಕ್ಕು ಇರಲಿ ಅಂತ. ಕಾರ್ಖಾನೆಗಳನ್ನು ಹಳೇ ಮಾಲೀಕರಿಗೆ ಕೊಡಿ ಅಂತ ಅವರು ಕೇಳಲಿಲ್ಲ. ಕಾರ್ಖಾನೆ ಕಾರ್ಮಿಕರದ್ದು, ಅದನ್ನು ಚುನಾಯಿತ ಸಮಿತಿಯೇ ನಡೆಸಬೇಕು ಅಂತ ಹೇಳಿದರು. ಬುಡಾಪೆಸ್ಟ್ ವಾರಗಟ್ಟಲೆ ಎರಡು ಅಧಿಕಾರಗಳ ಊರಾಗಿತ್ತು. ಸಂಸತ್ತಿನಲ್ಲಿ ಕಾದಾರ್, ಕಾರ್ಖಾನೆಗಳಲ್ಲಿ ಸಮಿತಿ. ಯಂತ್ರ ತಿರುಗಬೇಕೋ ನಿಲ್ಲಬೇಕೋ ಅನ್ನುವುದು ಸಮಿತಿಯ ಕೈಯಲ್ಲಿತ್ತು. ಕಾದಾರ್ ಆ ಸಮಿತಿಯ ಜೊತೆ ಮಾತಾಡಲೇಬೇಕಾಯಿತು. ನವೆಂಬರ್ 21ಕ್ಕೆ ಇಡೀ ದೇಶದ ಸಮಿತಿ ಕಟ್ಟಲು ಕ್ರೀಡಾಂಗಣದಲ್ಲಿ ಸಭೆ ಕರೆದರೆ, ಸೋವಿಯತ್ ಟ್ಯಾಂಕುಗಳು ಬಾಗಿಲಲ್ಲಿ ಅಡ್ಡ ನಿಂತಿದ್ದವು. ಡಿಸೆಂಬರ್ 8ರಂದು ಗಣಿ ಪಟ್ಟಣ ಶಲ್ಗೋತಾರ್ಯಾನ್‌ನಲ್ಲಿ ಗಣಿ ಕಾರ್ಮಿಕರ ಗುಂಪಿನ ಮೇಲೆ ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದರು. ಮರುದಿನ ಕೇಂದ್ರ ಸಮಿತಿಯನ್ನೇ ನಿಷೇಧಿಸಿದರು. ಆ ನಿಷೇಧದ ನಡುವೆ ನಡೆದದ್ದು ನಾನು ಮೊದಲು ಹೇಳಿದ ಮುಷ್ಕರ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಯುಗೋಸ್ಲಾವ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದ ನಾಜ್ ಅವರಿಗೆ ಏನೂ ಮಾಡುವುದಿಲ್ಲ ಅಂತ ಕಾದಾರ್ ಬರೆದು ಕೊಟ್ಟರು. ನವೆಂಬರ್ 22ರಂದು ಅವರು ಹೊರಗೆ ಬಂದ ಕೂಡಲೇ ಎತ್ತಿಕೊಂಡು ಹೋದರು. 1958ರ ಜೂನ್ 16ರಂದು ನಾಜ್, ಮಲೇಟರ್ ಮತ್ತು ಪತ್ರಕರ್ತ ಮಿಕ್ಲೋಶ್ ಗಿಮೆಶ್ ಅವರನ್ನು ಗಲ್ಲಿಗೇರಿಸಿದರು. ಒಟ್ಟು ಗಲ್ಲಿಗೇರಿದವರು ಇನ್ನೂರಕ್ಕೂ ಹೆಚ್ಚು. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಕಾದಾರ್ ಆಮೇಲೆ ಕೈ ಸಡಿಲ ಮಾಡಿದರು, 1963ರಲ್ಲಿ ಸಾವಿರಾರು ಜನರಿಗೆ ಕ್ಷಮೆ ಸಿಕ್ಕಿತು, ರಾಟ್ಸ್ ಕೂಡ ಬಿಡುಗಡೆಯಾದರು. ಅಂಗಡಿಗಳಲ್ಲಿ ಸಾಮಾನು ಸಿಗುವಂತಾಯಿತು. ಆ ಸುಧಾರಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಮಿಕ ಸಮಿತಿಗಳು ಮತ್ತೆ ಬರಲೇ ಇಲ್ಲ.

ನೆಹರೂ ವಿಷಯದಲ್ಲಿ ನೀವು ಬರೆದಿದ್ದು ಅರ್ಧ ಮಾತ್ರ. ಸುಯೆಜ್ ದಾಳಿಯನ್ನು ನೆಹರೂ ಕೂಡಲೇ ಖಂಡಿಸಿದರು. ಹಂಗೇರಿ ಬಗ್ಗೆ ತಡ ಮಾಡಿದರು. ವಿಶ್ವಸಂಸ್ಥೆಯಲ್ಲಿ ನವೆಂಬರ್ 4ರಂದು ಭಾರತ ಮತ ಹಾಕದೆ ಉಳಿಯಿತು. 9ರಂದು, ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಹಂಗೇರಿಯಲ್ಲಿ ಚುನಾವಣೆ ಆಗಲಿ ಅನ್ನುವ ಮಾತಿದ್ದ ನಿರ್ಣಯಕ್ಕೆ ಭಾರತದ ಪ್ರತಿನಿಧಿ ಕೃಷ್ಣ ಮೆನನ್ ವಿರುದ್ಧ ಮತ ಹಾಕಿದರು. ಅಂಥ ಮಾತನ್ನು ಒಪ್ಪಿದರೆ ನಾಳೆ ಕಾಶ್ಮೀರಕ್ಕೂ ಅದನ್ನೇ ತರುತ್ತಾರೆ ಅನ್ನುವ ಭಯ ಅದರ ಹಿಂದೆ ಇತ್ತು. ಈ ಮತಕ್ಕೆ ದೇಶದೊಳಗೆ ಸಿಟ್ಟು ಎದ್ದಿತು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಪ್ರಶ್ನಿಸಿದವರು ಜಯಪ್ರಕಾಶ್ ನಾರಾಯಣ್. ಅವರನ್ನು ನೀವು ಅಮೆರಿಕದ ಏಜೆಂಟ್ ಅನ್ನಲಾರಿರಿ. ನೆಹರೂ ದಾರಿ ಬದಲಿಸಿದರು. ನವೆಂಬರ್ ಮಧ್ಯಕ್ಕೆ ಇಂಡೋನೇಷ್ಯಾ, ಬರ್ಮಾ, ಸಿಲೋನ್ ಪ್ರಧಾನಿಗಳ ಜೊತೆ ಸೇರಿ, ವಿದೇಶಿ ಸೇನೆ ಹಂಗೇರಿಯಿಂದ ಹೊರಹೋಗಲಿ ಎಂದು ಹೇಳಿಕೆ ಕೊಟ್ಟರು. ಆಮೇಲೆ ವಿಶ್ವಸಂಸ್ಥೆಯ ವೀಕ್ಷಕರನ್ನು ಒಳಗೆ ಬಿಡಿ ಎಂದು ಭಾರತವೇ ಕೇಳಿತು.

ಇದರ ಜೊತೆ ಇನ್ನೊಂದು ಸಂಗತಿ ಇದೆ, ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬುಡಾಪೆಸ್ಟಿನ ಭಾರತೀಯ ಕಚೇರಿಯ ಎಂ. ಎ. ರಹಮಾನ್ ಆ ದಿನಗಳಲ್ಲಿ ಹಂಗೇರಿಯ ಬುದ್ಧಿಜೀವಿಗಳ ಜೊತೆ ಸಂಪರ್ಕ ಇಟ್ಟುಕೊಂಡಿದ್ದರು. ಮಾಸ್ಕೋದ ನಮ್ಮ ರಾಯಭಾರಿ ಕೆ. ಪಿ. ಎಸ್. ಮೆನನ್ ಅಲ್ಲಿಗೆ ಬಂದು ಹೋಗುತ್ತಿದ್ದರು. ಇಷ್ಟವಾನ್ ಬಿಬೋ, ನಾಜ್ ಸರ್ಕಾರದ ಕೊನೆಯ ಮಂತ್ರಿ, ಸೋವಿಯತ್ ಸೈನಿಕರು ಸಂಸತ್ ಭವನಕ್ಕೆ ನುಗ್ಗಿದ ಮೇಲೂ ಒಳಗೇ ಕೂತು ಹೇಳಿಕೆ ಟೈಪ್ ಮಾಡಿದವರು. ಅವರು ಬರೆದ ರಾಜಿ ಸೂತ್ರವನ್ನು ಅವರ ಜೊತೆಗಾರ ಆರ್ಪಾದ್ ಗೊಂಟ್ಸ್ ಭಾರತೀಯರ ಕೈಗೆ ಮುಟ್ಟಿಸಿದರು. ಇಬ್ಬರ ಮೇಲೂ ಮೊಕದ್ದಮೆ ಆಯಿತು. ಇಬ್ಬರಿಗೂ ಗಲ್ಲು ತಪ್ಪಿ ಜೀವಾವಧಿ ಆಯಿತು. ಅದಕ್ಕೆ ಭಾರತದ ಒತ್ತಾಯವೂ ಕಾರಣ ಎನ್ನುತ್ತಾರೆ. ಜೈಲಿನಿಂದ ಹೊರಬಂದ ಗೊಂಟ್ಸ್ 1990ರಲ್ಲಿ ಹಂಗೇರಿಯ ರಾಷ್ಟ್ರಪತಿಯಾದರು, ಹತ್ತು ವರ್ಷ ಆ ಹುದ್ದೆಯಲ್ಲಿದ್ದರು.

ಇದನ್ನು ಈಗ ಯಾಕೆ ಬರೆಯುತ್ತೀರಿ ಅಂತ ಕೇಳಿದ್ದೀರಿ. ನಾಜ್ ಮತ್ತು ಅವರ ಜೊತೆಗಾರರನ್ನು ಬುಡಾಪೆಸ್ಟಿನ ಸ್ಮಶಾನದ 301ನೇ ಭಾಗದಲ್ಲಿ, ಗುರುತು ಕೂಡ ಇಡದೆ, ಮುಖ ಕೆಳಗೆ ಮಾಡಿ ಹೂತಿದ್ದರು. ವರ್ಷಗಟ್ಟಲೆ ಅವರ ಮನೆಯವರಿಗೆ ಅಲ್ಲಿ ಒಂದು ಹೂ ಇಡಲೂ ಬಿಡಲಿಲ್ಲ. 1989ರ ಜೂನ್ 16ರಂದು ಮತ್ತೆ ಮಣ್ಣು ಮಾಡುವಾಗ ಲಕ್ಷಾಂತರ ಜನ ಬಂದರು. ಐದು ಶವಪೆಟ್ಟಿಗೆಗಳ ಜೊತೆ ಆರನೆಯದೊಂದನ್ನು ಖಾಲಿ ಇಟ್ಟಿದ್ದರು, ಹೆಸರಿಲ್ಲದೆ ಸತ್ತವರಿಗಾಗಿ. ಸುಪ್ರೀಂ ಕೋರ್ಟ್ ನಾಜ್ ಅವರನ್ನು ನಿರಪರಾಧಿ ಎಂದು ಘೋಷಿಸಿದ ದಿನವೇ, ಜುಲೈ 6ರಂದು, ಕಾದಾರ್ ತೀರಿಕೊಂಡರು. ಮುಗಿದ ಕಥೆ ಅನ್ನುವ ಮಾತನ್ನು ಆ ಮನೆಯವರು ಹೇಳಬಹುದು. ನಾವು ಹೇಳಲಾರೆವು. ಈಗಿನ ಹಂಗೇರಿಯ ರಾಜಕಾರಣಿಗಳು 1956ನ್ನು ತಮಗೆ ಬೇಕಾದ ಹಾಗೆ ಬಳಸಿಕೊಳ್ಳುತ್ತಾರೆ, ಅದರಲ್ಲಿ ಬರೀ ದೇಶಾಭಿಮಾನ ತುಂಬಿ ಕಾರ್ಮಿಕ ಸಮಿತಿಗಳನ್ನು ಮೂಲೆಗೆ ತಳ್ಳುತ್ತಾರೆ. ಹಾಗಾಗಿ ಆ ಸಮಿತಿಗಳ ಬಗ್ಗೆ ಬರೆಯಬೇಕಾದವರು ಬೇರೆ ಊರಿನಲ್ಲೂ ಇರಬೇಕು.

ಕೇಂದ್ರ ಕಾರ್ಮಿಕ ಸಮಿತಿಯ ಬೇಡಿಕೆಗಳನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚು ಹಾಕುತ್ತೇವೆ. ದಯವಿಟ್ಟು ಅವನ್ನು ಓದಿ. ನಿಮ್ಮ ಸಂಘ ಇಟ್ಟಿದ್ದ ಬೇಡಿಕೆಗಳ ಪಕ್ಕದಲ್ಲಿ ಇಟ್ಟು ನೋಡಿ. ಆಮೇಲೂ ಅದು ಫ್ಯಾಸಿಸ್ಟರ ಗಲಭೆ ಅನ್ನಿಸಿದರೆ ಬರೆದು ಕಳಿಸಿ. ಒಂದು ಅಕ್ಷರವನ್ನೂ ಕತ್ತರಿಸದೆ ಹಾಕುತ್ತೇವೆ.

— ಸಂಪಾದಕ